ದೋಣಿ ಹತ್ತಲೋ, ದಡದಿಂದಲೇ ಇಳಿಯಲೋ?

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯಲ್ಲಿ ಶಿಕ್ಷಕಿ. ಈ ಏಪ್ರಿಲ್ ರಜೆಗೆ ಮನೆಮಂದಿಯೆಲ್ಲ ಅಂಡಮಾನಿಗೆ ಹೊರಟಿದ್ದೇವೆ. ನಾನು, ಯಜಮಾನರು, 15ರ ಮಗಳು, 10ರ ಮಗ, ಜೊತೆಗೆ 67 ವರ್ಷದ ಅತ್ತೆ. ಹವಳದ ಮೇಲೆ ತೇಲುತ್ತಾ ಮೀನು ನೋಡಬೇಕು ಅನ್ನುವುದು ಎಲ್ಲರ ಆಸೆ, ನನ್ನದೂ ಹೌದು. ಆದರೆ ಅದನ್ನು ಹೇಗೆ ಮಾಡುವುದು ಅನ್ನುವಲ್ಲಿ ಜಗಳ ಶುರುವಾಗಿದೆ. ಯಜಮಾನರು ನಾರ್ತ್ ಬೇ, ಜಾಲಿ ಬಾಯ್, ಎಲಿಫೆಂಟ್ ಬೀಚ್ ಅಂತ ಮೂರು ದಿನ ಮೂರು ದೋಣಿ ಪ್ಯಾಕೇಜ್ ಹಿಡಿದಿದ್ದಾರೆ. 'ಅಷ್ಟು ದುಡ್ಡು ಸುರಿದು ಹೋಗಿ ದಡದಲ್ಲಿ ಕಾಲು ನೆನೆಸಿಕೊಂಡು ಬರೋದಾ?' ಅನ್ನುತ್ತಾರೆ. ನಾನು ಕಳೆದ ವರ್ಷವಷ್ಟೇ ಈಜು ಕಲಿತವಳು. ಕೊಳದಲ್ಲಿ ಒಂದು ಉದ್ದ ಹೋಗಿ ಬರಬಲ್ಲೆ, ಕಾಲಿಗೆ ನೆಲ ಸಿಗದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ನೀಲ್ ದ್ವೀಪದಲ್ಲಿ ದಡದಿಂದಲೇ ನಡೆದು ಇಳಿಯಬಹುದಂತೆ, ನನ್ನ ತಂಗಿ ಹೇಳಿದಳು. ಮಗಳಿಗೆ ಚಾರ್ಮಾಡಿ ಘಾಟಿಯಲ್ಲೇ ವಾಂತಿ. ಮಗನಿಗೆ ಭಯವೆಂಬುದೇ ಗೊತ್ತಿಲ್ಲ, ನನಗೆ ಅದೇ ಭಯ. ಅತ್ತೆಗೆ ಬಿಪಿ ಇದೆ, ಅವರನ್ನು ಏನು ಮಾಡುವುದೋ ತಿಳಿಯುತ್ತಿಲ್ಲ. ನಾನು ಬಾಯಿ ತೆರೆದರೆ 'ನಿನ್ನ ಹೆದರಿಕೆ ಮಕ್ಕಳಿಗೂ ಅಂಟುತ್ತೆ' ಅನ್ನುತ್ತಾರೆ. ಯಾವುದು ಸರಿ, ದೋಣಿಯೋ ದಡವೋ? ನೇರವಾಗಿ ಹೇಳಿ.

– ಹೆಸರು ಬೇಡ, ದಾವಣಗೆರೆ

ಉತ್ತರ: ನೇರವಾಗಿಯೇ ಹೇಳುತ್ತೇನೆ. ಮೊದಲು ದಡ, ಆಮೇಲೆ ಒಂದೇ ಒಂದು ದೋಣಿ. ಎರಡರಲ್ಲೂ ನಿಮ್ಮ ಪಕ್ಕದಲ್ಲಿ ಸಂಬಳ ಕೊಟ್ಟು ಕರೆದುಕೊಂಡ ಒಬ್ಬ ಮಾರ್ಗದರ್ಶಿ ಇರಲೇಬೇಕು. ಮೂರು ಪ್ಯಾಕೇಜ್‌ಗಳಲ್ಲಿ ಎರಡನ್ನು ಬಿಡಿ. ಉಳಿದ ಹಣದಲ್ಲಿ ಸ್ವಲ್ಪ ಆ ಮಾರ್ಗದರ್ಶಿಗೆ ಹೋಗಲಿ, ಸ್ವಲ್ಪ ನಿಮ್ಮೆಲ್ಲರ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್‌ಗಳಿಗೆ ಹೋಗಲಿ.

ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದದ ಅರ್ಧ ಭಾಗ ಆ ಜಾಗಗಳನ್ನು ಸರಿಯಾಗಿ ತಿಳಿದರೆ ಕರಗಿಹೋಗುತ್ತದೆ. ಎಲಿಫೆಂಟ್ ಬೀಚ್‌ಗೆ ಹ್ಯಾವ್‌ಲಾಕ್ ಜೆಟ್ಟಿಯಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ಪ್ರಯಾಣ. 2018ರಿಂದ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದು ಹೆಸರು, ಆದರೆ ಅಲ್ಲಿ ಇಳಿದ ಮೇಲೂ ನಿಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಹಳೆಯ ಹೆಸರುಗಳೇ. ಎಲಿಫೆಂಟ್ ಬೀಚ್‌ನ ದೋಣಿ ನಿಮ್ಮನ್ನು ನಡುಗಡಲಲ್ಲಿ ನೀರಿಗೆ ಬಿಡುವುದಿಲ್ಲ, ಮರಳಿನ ಮೇಲೆ ಇಳಿಸುತ್ತದೆ. ಅಲ್ಲಿಂದ ನೀವು ನಡೆದೇ ನೀರಿಗೆ ಹೋಗುತ್ತೀರಿ. ಹವಳದ ದಿಬ್ಬ ದಡಕ್ಕೆ ಅಷ್ಟು ಹತ್ತಿರ. ಅಂದರೆ ನಿಮ್ಮ ಯಜಮಾನರು ಕೇಳುತ್ತಿರುವ ದೋಣಿ ಪ್ರವಾಸವೂ ನೀವು ಕೇಳುತ್ತಿರುವ ದಡದ ಸ್ನಾರ್ಕೆಲಿಂಗೂ ಇಲ್ಲಿ ಒಂದೇ. ಮಗಳಿಗೆ ಆ ಚಿಕ್ಕ ದೋಣಿಯೂ ಬೇಡವೆಂದರೆ ಹ್ಯಾವ್‌ಲಾಕ್‌ನ ರಾಧಾನಗರ ತೀರದ ರಸ್ತೆಯಿಂದ ಕಾಡಿನೊಳಗೆ ಕಾಲುದಾರಿಯೊಂದು ಇದೆ, ಸುಮಾರು 2 ಕಿಲೋಮೀಟರ್. ಅಂದು ಆ ದಾರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮಳೆ ಬಿದ್ದಿದ್ದರೆ ಕೆಸರು.

ನಿಜವಾದ ದೋಣಿ ಸ್ನಾರ್ಕೆಲಿಂಗ್ ಬೇರೆಯೇ ಇದೆ. ಡೈವಿಂಗ್ ಕೇಂದ್ರಗಳು ಮುಳುಗುಗಾರರನ್ನು ಕರೆದೊಯ್ಯುವಾಗ ಜೊತೆಗೆ ತೇಲುವವರನ್ನೂ ಹತ್ತಿಸಿಕೊಳ್ಳುವುದುಂಟು. ಅಲ್ಲಿ ದೋಣಿಯ ಅಂಚಿನಿಂದ ನೇರ ಆಳದ ನೀರಿಗೇ ಇಳಿಯಬೇಕು. ನಮ್ಮ ಮುರ್ಡೇಶ್ವರದಿಂದ ಹೋಗುವ ನೇತ್ರಾಣಿಯೂ ಈ ಬಗೆಯದೇ. ಅದು ಕಡಲ ನಡುವಿನ ಕಡಿದಾದ ಬಂಡೆ, ಕಾಲೂರಲು ಮರಳಿಲ್ಲ, ದೋಣಿಯೊಂದೇ ಗತಿ. ಇದು ನಿಮಗೆ ಈ ವರ್ಷಕ್ಕೆ ಬೇಡ. ಮುಂದಿನ ವರ್ಷದ ಮಾತು ಬೇರೆ.

ದಡವೇ ಸುರಕ್ಷಿತ ಎಂದುಕೊಂಡಿದ್ದೀರಿ, ಅದು ಪೂರ್ತಿ ನಿಜವಲ್ಲ. ಸ್ನಾರ್ಕೆಲ್ ಎಂಬ ಉಸಿರಿನ ಕೊಳವೆ ಕಚ್ಚಿ ಮುಖ ನೀರಿಗಿಟ್ಟು ಅಲ್ಲಾಡದೆ ತೇಲುವವರು ಸುಖವಾಗಿದ್ದಾರೋ ಪ್ರಜ್ಞೆ ತಪ್ಪಿದ್ದಾರೋ ದೂರದಿಂದ ಗೊತ್ತಾಗುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಕೈ ಬೀಸುವುದಿಲ್ಲ, ಕೂಗುವುದಿಲ್ಲ. ಹವಾಯಿಯಲ್ಲಿ ಸ್ನಾರ್ಕೆಲಿಂಗ್ ಸಾವುಗಳ ಬಗ್ಗೆ ನಡೆದ ಅಧ್ಯಯನ ಎತ್ತಿ ತೋರಿಸಿದ್ದೂ ಇದನ್ನೇ. ಅನೇಕರಿಗೆ ತೊಂದರೆಯಾದದ್ದು ನಿಂತರೆ ನೆಲ ಸಿಗುವ ಆಳದಲ್ಲೇ, ಒದ್ದಾಟದ ಸುಳಿವೇ ಇಲ್ಲದೆ. ಕೊಳವೆಯ ಮೂಲಕ ಉಸಿರೆಳೆಯುವಾಗ ಎದೆಗೆ ಹೆಚ್ಚು ಬಲ ಬೇಕು. ಕೆಲವರಲ್ಲಿ, ಅದರಲ್ಲೂ ಹೃದಯದ ತೊಂದರೆ ಇರುವವರಲ್ಲಿ, ಆ ಒತ್ತಡಕ್ಕೆ ಶ್ವಾಸಕೋಶದೊಳಗೇ ನೀರಿನಂಶ ತುಂಬಿಕೊಳ್ಳಬಹುದು. ಮೊದಲು ಏದುಸಿರು, ಆಮೇಲೆ ಕೈಕಾಲು ಸೋಲುವುದು. ದಡದಲ್ಲಿ ಸ್ವಂತವಾಗಿ ಇಳಿದಾಗ ಇದನ್ನು ಗಮನಿಸುವವರು ಯಾರು? ಅಂಡಮಾನಿನ ಬಹುಪಾಲು ತೀರಗಳಲ್ಲಿ ನಿಮ್ಮ ಮೇಲೆ ಕಣ್ಣಿಡುವ ಜೀವರಕ್ಷಕರು ಇರುವುದಿಲ್ಲ.

ದೋಣಿಯೇ ಸುರಕ್ಷಿತ ಎನ್ನುವ ಮಾತೂ ಅಷ್ಟೇ. ಲೈಫ್ ಜಾಕೆಟ್ ಹಾಕುತ್ತಾರೆ, ಹಿಡಿದು ತೇಲಲು ರಬ್ಬರಿನ ಬಳೆ ಕೊಡುತ್ತಾರೆ, ಹುಡುಗನೊಬ್ಬ ಅದನ್ನು ಎಳೆದುಕೊಂಡು ಹೋಗುತ್ತಾನೆ. ಆದರೆ ಒಬ್ಬ ಹುಡುಗ ಎಷ್ಟು ಜನರನ್ನು ಎಳೆಯುತ್ತಿದ್ದಾನೆ ಎನ್ನುವುದರಲ್ಲೇ ಎಲ್ಲವೂ ಇದೆ. ಇಬ್ಬರಾದರೆ ಸರಿ. ಐದಾರು ಜನರಾದರೆ ಅವನು ಮುಂದೆ ನೋಡುವಾಗ ಹಿಂದಿನವರು ಅವನ ಕಣ್ಣಿಗೆ ಬೀಳುವುದಿಲ್ಲ. 'ಈಜು ಬಾರದಿದ್ದರೂ ಪರವಾಗಿಲ್ಲ' ಎಂಬ ಭರವಸೆಗೆ ಸಮಾಧಾನಪಡಬೇಡಿ. ಒಬ್ಬರಿಗೆ ಎಷ್ಟು ಜನ, ಜಾಕೆಟ್ ಮಕ್ಕಳ ಅಳತೆಯದು ಇದೆಯೇ, ಮಾಸ್ಕ್ ಸೋರಿದರೆ ಬದಲಿ ಇದೆಯೇ, ನಮ್ಮವರೊಬ್ಬರು ಬೇಡವೆಂದರೆ ಅರ್ಧದಲ್ಲೇ ದಡಕ್ಕೆ ತಂದುಬಿಡುತ್ತೀರಾ, ಇಷ್ಟನ್ನು ಹಣ ಕೊಡುವ ಮೊದಲು ಕೇಳಿ. ಉತ್ತರ ಹಾರಿಸಿದವರನ್ನು ಬಿಟ್ಟುಬಿಡಿ.

ಹಾಗಾಗಿ ದೋಣಿಯೋ ದಡವೋ ಎಂದು ಯೋಚಿಸುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಮೇಲೆ ಯಾರ ಕಣ್ಣಿದೆ? ಸಾಕೆನಿಸಿದ ಕ್ಷಣದಲ್ಲಿ ಎಷ್ಟು ಬೇಗ ನಿಂತುಕೊಳ್ಳಬಲ್ಲಿರಿ? ಕಲಿಯುವವರಿಗೆ ಎರಡನೆಯದು ಬಹಳ ಮುಖ್ಯ, ನಾನು ದಡವನ್ನು ಮೊದಲು ಇಟ್ಟದ್ದು ಅದಕ್ಕೇ. ಮಾಸ್ಕ್‌ಗೆ ನೀರು ನುಗ್ಗಿತು, ಗಾಬರಿಯಾಯಿತು, ಕಾಲು ಊರಿದಿರಿ, ಉಸಿರು ತೆಗೆದುಕೊಂಡಿರಿ, ಮತ್ತೆ ಮುಖ ಇಟ್ಟಿರಿ. ನಾಲ್ಕಾರು ಬಾರಿ ಹೀಗಾದ ಮೇಲೆ ಎದೆ ತಾನಾಗಿ ತಣ್ಣಗಾಗುತ್ತದೆ. ಆಳದಲ್ಲಿ ಮೊದಲ ಗಾಬರಿಗೇ ಅನುಭವ ಮುಗಿದುಹೋಗುತ್ತದೆ. ಅಲ್ಲಿ ಹೆದರಿದವರು ಇನ್ನೊಮ್ಮೆ ಕಡಲ ಕಡೆಗೆ ತಲೆ ಹಾಕುವುದಿಲ್ಲ. ನಿಮಗೆ ಹಾಗಾಗಬಾರದು ಎಂಬುದೇ ನನ್ನ ಆಸೆ.

ನೀಲ್‌ನ ಭರತ್‌ಪುರ ತೀರ ನಿಮ್ಮ ತಂಗಿ ಹೇಳಿದ್ದು ಇರಬೇಕು. ಜೆಟ್ಟಿಯ ಪಕ್ಕದಲ್ಲೇ ಇದೆ, ನೀರು ಆಳವಿಲ್ಲ. ಆದರೆ ಅಲ್ಲೇ ಜೆಟ್ ಸ್ಕೀ, ಗಾಜಿನ ತಳದ ದೋಣಿಗಳ ಓಡಾಟವೂ ಇರುತ್ತದೆ. ಮುಖ ಕೆಳಗಿಟ್ಟವರಿಗೆ ದೋಣಿ ಬರುವುದು ಕಾಣುವುದಿಲ್ಲ, ನೀರಿನೊಳಗೆ ಸದ್ದು ಯಾವ ದಿಕ್ಕಿನದೆಂದು ತಿಳಿಯುವುದೂ ಇಲ್ಲ. ದೋಣಿಗಳ ದಾರಿ ಬಿಟ್ಟು ಎಲ್ಲಿ ಇಳಿಯಬೇಕೆಂದು ಅಲ್ಲಿನವರಿಗೆ ಗೊತ್ತು. ಡೈವಿಂಗ್ ಕೇಂದ್ರವೊಂದರಿಂದ ಒಬ್ಬರನ್ನು ಗೊತ್ತುಮಾಡಿಕೊಂಡು ಬೆಳಿಗ್ಗೆ ಬೇಗ ಹೋಗಿ. ಅಂಡಮಾನ್ ದೇಶದ ಪೂರ್ವದ ತುದಿಯಲ್ಲಿದ್ದರೂ ಗಡಿಯಾರ ನಮ್ಮದೇ. ಅಲ್ಲಿ ಏಪ್ರಿಲ್‌ನಲ್ಲಿ ಬೆಳಿಗ್ಗೆ 5ರ ಸುಮಾರಿಗೇ ಸೂರ್ಯ ಮೇಲೆ, ಸಂಜೆ 6ಕ್ಕೆ ಮೊದಲೇ ಕತ್ತಲ ಸಿದ್ಧತೆ. ಬೆಂಗಳೂರಿನ ಲೆಕ್ಕದಲ್ಲಿ ತಿಂಡಿ ಮುಗಿಸಿ ಹತ್ತಕ್ಕೆ ಹೊರಟರೆ ದಿನದ ಒಳ್ಳೆಯ ಹೊತ್ತು ಆಗಲೇ ಹೋಗಿರುತ್ತದೆ, ಗುಂಪೂ ಬಂದಿರುತ್ತದೆ.

ಇನ್ನು ಉಬ್ಬರ ಇಳಿತ. ಪ್ರವಾಸಿಗರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನಿರಾಸೆಪಡುವುದನ್ನು ಬೇಕಾದಷ್ಟು ನೋಡಿದ್ದೇನೆ. ದಡದಿಂದ ಇಳಿಯುವವರಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ನಡುವೆ ಆರು ಗಂಟೆಗೂ ಸ್ವಲ್ಪ ಹೆಚ್ಚು, ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ. ಇಳಿತದಲ್ಲಿ ನೀಲ್ ಮತ್ತು ಹ್ಯಾವ್‌ಲಾಕ್‌ನ ಪೂರ್ವ ತೀರದಲ್ಲಿ ನೀರು ದೂರ ಸರಿದು ಬಂಡೆ, ಹವಳ ಬಯಲಾಗುತ್ತವೆ. ತೇಲಲು ನೀರೇ ಇರುವುದಿಲ್ಲ, ನಡೆದರೆ ಕಾಲಡಿಯಲ್ಲಿ ಹವಳ ಪುಡಿ, ಕಾಲಿಗೆ ಕಡಲ ಮುಳ್ಳುಗಳು. ಉಬ್ಬರದ ತುದಿಗೆ ಒಂದು ಗಂಟೆ ಮುಂಚೆ ಇಳಿದು ನೀರು ಇಳಿಯಲು ತೊಡಗುವ ಮೊದಲು ಹೊರಬರುವುದು ಸರಿಯಾದ ಹೊತ್ತು. ನಿಮ್ಮ ಮನೆಯ ಗೋಡೆಯ ಪಂಚಾಂಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಡಮಾನಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಸುಮಾರಾಗಿ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬರುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಅದೇ ಹೊತ್ತಿಗೆ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಏರಿಳಿತ ದೊಡ್ಡದು, ಸೆಳೆತವೂ ಹೆಚ್ಚು. ಅದಾದ ಎರಡು ಮೂರು ದಿನಕ್ಕೆ ಉಬ್ಬರ ಮಧ್ಯಾಹ್ನದ ಕಡೆಗೆ ಸರಿದು ಸ್ವಲ್ಪ ಸೌಮ್ಯವಾಗುತ್ತದೆ. ಇದು ಅಂದಾಜಿನ ಲೆಕ್ಕ. ಖಚಿತ ವೇಳೆಗೆ ಆ ದಿನದ ಉಬ್ಬರ ಇಳಿತದ ಪಟ್ಟಿಯನ್ನೇ ನೋಡಬೇಕು. ಪ್ರವಾಸದ ತಾರೀಖು ಇನ್ನೂ ಕೈಯಲ್ಲಿದ್ದರೆ ತಿಥಿ ನೋಡಿ ಟಿಕೆಟ್ ಮಾಡಿ ಎನ್ನುತ್ತೇನೆ, ಮದುವೆಗೆ ಮುಹೂರ್ತ ನೋಡುವಷ್ಟೇ ಶ್ರದ್ಧೆಯಿಂದ.

ಏಪ್ರಿಲ್ ಒಳ್ಳೆಯ ಆಯ್ಕೆ. ಈಶಾನ್ಯ ಗಾಳಿ ನಿಂತು ನೈರುತ್ಯ ಮಳೆ ಶುರುವಾಗುವ ಮೊದಲಿನ ಈ ದಿನಗಳಲ್ಲಿ ಕಡಲು ಸಾಮಾನ್ಯವಾಗಿ ಶಾಂತ, ನೀರು ತಿಳಿ, ಬೆಚ್ಚಗೆ. ಬಿಸಿಲು ಮಾತ್ರ ಕ್ರೂರ. ಬೆನ್ನು ಮೇಲಾಗಿ ತೇಲುವವರಿಗೆ ಕತ್ತು, ಮೊಣಕಾಲಿನ ಹಿಂಭಾಗ ಸುಟ್ಟದ್ದು ರಾತ್ರಿಯೇ ಗೊತ್ತಾಗುವುದು. ತುಂಬು ತೋಳಿನ ಈಜುಡುಗೆ ಹಾಕಿ. ಸನ್‌ಸ್ಕ್ರೀನ್‌ನ ಕೆಲವು ರಾಸಾಯನಿಕಗಳು ಹವಳಕ್ಕೆ ಕೇಡು ಎಂಬ ಕಾರಣಕ್ಕೆ ಹವಾಯಿ ರಾಜ್ಯ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದೆ. ಬಟ್ಟೆಯಾದರೆ ಆ ಚಿಂತೆಯಿಲ್ಲ.

ಒಂದು ಎಚ್ಚರಿಕೆ, ಮಗನ ಮುಂದೆಯೂ ಓದಿ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರನ್ನು ಮೊಸಳೆ ಕೊಂದಿತು. ಇಂಥದು ತೀರಾ ಅಪರೂಪ. ಆದರೂ ತೊರೆ ಬಂದು ಸೇರುವ ಕಡೆ, ಕಾಂಡ್ಲಾ ಕಾಡಿನ ಹತ್ತಿರ, ಮುಸ್ಸಂಜೆಯಲ್ಲಿ ನೀರಿಗೆ ಇಳಿಯಲೇಬಾರದು. ಎಚ್ಚರಿಕೆ ಫಲಕ ಇದ್ದಲ್ಲಿ ಬೇರೆಯವರು ಇಳಿದಿದ್ದಾರೆ ಎಂಬುದು ನಿಮಗೆ ಅನುಮತಿಯಲ್ಲ. ಸ್ಥಳೀಯ ಮಾರ್ಗದರ್ಶಿ ಬೇಕೇ ಬೇಕು ಎಂದು ನಾನು ಹಟ ಹಿಡಿಯುತ್ತಿರುವುದಕ್ಕೆ ಇದೂ ಕಾರಣ.

ಈಗಿನಿಂದ ಏಪ್ರಿಲ್‌ವರೆಗೆ ದಾವಣಗೆರೆಯ ಕೊಳ ನಿಮ್ಮ ಶಾಲೆಯಾಗಲಿ. ಮಾಸ್ಕ್, ಸ್ನಾರ್ಕೆಲ್ ಈಗಲೇ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಲ್ಲಿ ಸ್ವಲ್ಪ ಉಸಿರೆಳೆದಾಗ ಮಾಸ್ಕ್ ತಾನಾಗಿ ಅಂಟಿ ನಿಲ್ಲಬೇಕು, ನಿಂತರೆ ಅದು ನಿಮ್ಮ ಅಳತೆ. ಮಗನಿಗೆ ಮಕ್ಕಳ ಅಳತೆಯದೇ ಬೇಕು. ಯಜಮಾನರಿಗೆ ಮೀಸೆ ಇದ್ದರೆ ಅಂಚಿನಿಂದ ನೀರು ಸೋರುತ್ತದೆ, ಮೊದಲೇ ಹೇಳಿಬಿಡಿ. ಇಡೀ ಮುಖ ಮುಚ್ಚುವ ಮಾಸ್ಕ್ ಆಕರ್ಷಕವಾಗಿ ಕಾಣುತ್ತದೆ, ಕೊಳ್ಳಬೇಡಿ. ಗಾಬರಿಯಲ್ಲಿ ಕೊಳವೆಯನ್ನು ಉಗುಳಿಬಿಡುವ ದಾರಿ ಅದರಲ್ಲಿಲ್ಲ. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ಮುಖವಿಟ್ಟು ಉಸಿರಾಡಿ. ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಬೇಕು. ಚಿಕ್ಕ ಚಿಕ್ಕ ಉಸಿರಾದರೆ ಕೊಳವೆಯಲ್ಲಿ ಉಳಿದ ಹಳೆಯ ಗಾಳಿಯನ್ನೇ ಮತ್ತೆ ಸೇದಿದಂತಾಗಿ ಉಸಿರುಕಟ್ಟಿದ ಭಾವ ಬರುತ್ತದೆ. ಆಮೇಲೆ ಬೇಕೆಂದೇ ಕೊಳವೆಗೆ ನೀರು ತುಂಬಿಕೊಂಡು ಫೂ ಎಂದು ಒಂದೇ ಬಿರುಸಿಗೆ ಊದಿ ಹೊರಹಾಕುವುದನ್ನು ರೂಢಿಸಿ. ಇದು ಕೈಗೆ ಬಂದರೆ ನಿಮ್ಮ ಅರ್ಧ ಹೆದರಿಕೆ ಕೊಳದಲ್ಲೇ ಉಳಿಯುತ್ತದೆ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವನಿಗೆ ಭಯ ಹುಟ್ಟಿಸಬೇಕಾಗಿಲ್ಲ, ನಿಯಮ ಕಲಿಸಬೇಕು. ಜೊತೆಗಾರನ ಕೈಗೆಟುಕುವಷ್ಟು ದೂರದಲ್ಲೇ ಇರಬೇಕು, ಒಂದೆರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ಸನ್ನೆ ಮಾಡಬೇಕು, ಏನನ್ನೂ ಮುಟ್ಟಬಾರದು. ಕಲ್ಲಿನಂತೆ ಬಿದ್ದಿರುವ ಕಲ್ಲುಮೀನಿನ ಬೆನ್ನಿನಲ್ಲಿ ವಿಷದ ಮುಳ್ಳುಗಳಿರುತ್ತವೆ ಎಂದರೆ ಹತ್ತು ವರ್ಷದ ಹುಡುಗನಿಗೆ ಕೈ ಹಿಂದೆಗೆಯಲು ಅಷ್ಟು ಸಾಕು. ಅಂಡಮಾನಿನಲ್ಲಿ ಅವನ ಜೋಡಿ ಅಪ್ಪನೇ ಆಗಲಿ. ನೀವು ಮತ್ತು ಮಗಳು ಮಾರ್ಗದರ್ಶಿಯ ಜೊತೆ.

ಮಗಳ ವಿಷಯ ಚಿಕ್ಕದು. ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕ್‌ಗೆ ಹೇಗಿದ್ದರೂ ಹಡಗಿನಲ್ಲೇ ಹೋಗಬೇಕು, ಸುಮಾರು ಎರಡು ಗಂಟೆ, ಅಲ್ಲೇ ಅವಳ ಪರೀಕ್ಷೆ ಆಗಿಬಿಡುತ್ತದೆ. ಖಾಲಿ ಹೊಟ್ಟೆ ಬೇಡ, ಎಣ್ಣೆ ತಿಂಡಿಯೂ ಬೇಡ, ಮೊಬೈಲ್ ನೋಡದೆ ದಿಗಂತ ನೋಡಲಿ. ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ. ನಿದ್ದೆ ತರುವ ಮಾತ್ರೆ ನುಂಗಿದ ದಿನ ನೀರಿಗೆ ಇಳಿಸಬೇಡಿ.

ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ. ಸುಲಭವಾಗಿ ಕಾಲಿಗೆ ಸಿಗುವ ದಡದ ಹವಳ ಬಹಳ ತುಳಿತ ತಿಂದಿದೆ. ಅದಕ್ಕಿಂತ ದೊಡ್ಡ ಪೆಟ್ಟು ಕಡಲು ಕಾದದ್ದು. 1998, 2010, 2016ರಲ್ಲಿ ನೀರಿನ ಬಿಸಿ ಏರಿ ಅಂಡಮಾನಿನ ಹವಳಗಳು ಬಿಳಿಚಿಕೊಂಡವು, ಎಷ್ಟೋ ಕಡೆ ಸತ್ತೂ ಹೋದವು. ಹಾಗಾಗಿ ಭರತ್‌ಪುರದಲ್ಲಿ ಜಾಹೀರಾತಿನ ಬಣ್ಣಗಳನ್ನು ನಿರೀಕ್ಷಿಸಬೇಡಿ. ಮೀನು ಕಾಣುತ್ತದೆ, ಕಡಲ ಸೌತೆ ಕಾಣುತ್ತದೆ, ಅಲ್ಲಲ್ಲಿ ಜೀವಂತ ಹವಳ. ಕಿವಿಗೊಟ್ಟರೆ ಗಿಳಿಮೀನು ಹವಳ ಕಚ್ಚುವ ಕಟಕಟ ಸದ್ದೂ ಕೇಳುತ್ತದೆ, ನನಗೆ ಬಲು ಇಷ್ಟವಾದ ಸದ್ದು ಅದು. ಇದಕ್ಕಿಂತ ಹೆಚ್ಚಿನದಕ್ಕೆ ಆ ಒಂದು ದೋಣಿ. ಅದು ಎಲಿಫೆಂಟ್ ಬೀಚ್ ಆಗಲಿ, ಅಥವಾ ಜಾಲಿ ಬಾಯ್. ಎರಡನೆಯದು ವಂಡೂರಿನಿಂದ ಹೊರಡುವ, 1983ರಲ್ಲಿ ರಚನೆಯಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದ್ವೀಪ. ಪರವಾನಗಿ ಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ, ವರ್ಷದ ಒಂದಷ್ಟು ತಿಂಗಳು ಅದನ್ನು ಮುಚ್ಚಿ ಪಕ್ಕದ ರೆಡ್ ಸ್ಕಿನ್ ತೆರೆಯುತ್ತಾರೆ. ನೀವು ಹೋಗುವಾಗ ಯಾವುದು ತೆರೆದಿರುತ್ತದೋ ಕೇಳಿಕೊಳ್ಳಿ. ಈ ಕಟ್ಟುನಿಟ್ಟೇ ಅದರ ಹವಳಕ್ಕೆ ಕಾವಲು. ನಾರ್ತ್ ಬೇಯನ್ನು ನಾನು ಬಿಟ್ಟುಬಿಡುತ್ತಿದ್ದೆ, ಅಲ್ಲಿ ಜನಜಂಗುಳಿ ಹೆಚ್ಚು.

ಎಲ್ಲೇ ಹೋದರೂ ಬ್ರೆಡ್ ಎಸೆದು ಮೀನು ಕರೆಯುವುದು ಬೇಡ ಎಂದು ಮಾರ್ಗದರ್ಶಿಗೆ ಮೊದಲೇ ಹೇಳಿ. ಸತ್ತ ಹವಳದ ಚೂರು ಚೆಂದವಿದೆಯೆಂದು ಚೀಲಕ್ಕೆ ಹಾಕಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೂ ಹುಲಿಗೆ ಇರುವಷ್ಟೇ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕಷ್ಟ.

'ನಿನ್ನ ಹೆದರಿಕೆ ಅಂಟುತ್ತೆ' ಎಂಬ ಮಾತು ನಿಮಗೆ ನೋವು ಕೊಟ್ಟಿದೆ, ಪತ್ರದಲ್ಲಿ ಅದು ಕಾಣುತ್ತದೆ. ನಲವತ್ತು ದಾಟಿದ ಮೇಲೆ ಕೊಳಕ್ಕಿಳಿದು ಈಜು ಕಲಿತವರನ್ನು ಹೆದರುಪುಕ್ಕಲಿ ಎನ್ನಲಾಗದು. ಕಾಲಿಗೆ ನೆಲ ಸಿಗದಾಗ ನಿಮ್ಮ ಎದೆ ಹೊಡೆದುಕೊಳ್ಳುವುದು ನಿಮ್ಮ ಈಜಿನ ಅಳತೆಯನ್ನು ಸರಿಯಾಗಿಯೇ ಹೇಳುತ್ತಿದೆ. ಯಜಮಾನರ ಮುಂದೆ ಭಯದ ಮಾತು ಎತ್ತಬೇಡಿ, ಯೋಜನೆ ಇಡಿ. ಮೊದಲ ದಿನ ನೀಲ್ ದಡ, ಮಾರ್ಗದರ್ಶಿಯೊಂದಿಗೆ. ಒಂದು ದಿನ ವಿರಾಮ. ಆಮೇಲೆ ನಿಮ್ಮ ಇಷ್ಟದ ದೋಣಿ. ಗಾಳಿ ಎದ್ದ ದಿನ, ಯಾರಿಗಾದರೂ ಮೈ ಸರಿಯಿಲ್ಲದ ದಿನ ಇಲ್ಲ ಎನ್ನುವ ಹಕ್ಕು ಇಬ್ಬರಿಗೂ ಸಮ, ಆಮೇಲೆ ವಾದವಿಲ್ಲ. ಅವರಿಗೆ ಬೇಕಾದದ್ದೂ ಇದರಲ್ಲಿದೆ, ಬಹುಶಃ ಒಪ್ಪುತ್ತಾರೆ. ಅವರಿಗೆ ಈಜು ಎಷ್ಟು ಬರುತ್ತದೆ ಎಂದು ನೀವು ಬರೆದಿಲ್ಲ. ಮಗನ ಜೋಡಿಯಾಗುವವರು ಅವರು, ಆದ್ದರಿಂದ ಕೊಳಕ್ಕೆ ಅವರೂ ಬರಲಿ.

ಕೊನೆಗೆ ನಿಮ್ಮ ಅತ್ತೆ. ಬಿಪಿ ಇರುವವರು ಹೃದಯದ ತಪಾಸಣೆ ಮಾಡಿಸಿ ವೈದ್ಯರು ಸರಿ ಎನ್ನದ ಹೊರತು ಸ್ನಾರ್ಕೆಲ್ ಕಚ್ಚುವುದು ಬೇಡ. ಮೇಲೆ ಹೇಳಿದ ಉಸಿರಿನ ಒತ್ತಡದ ಮಾತು ಅವರಿಗೆ ಎಲ್ಲರಿಗಿಂತ ಹೆಚ್ಚು ಅನ್ವಯ. ಗಾಜಿನ ತಳದ ದೋಣಿಯಲ್ಲಿ ಕೂತು ಅವರೂ ಹವಳ ನೋಡಬಹುದು, ಭರತ್‌ಪುರದಲ್ಲೂ ಜಾಲಿ ಬಾಯ್‌ನಲ್ಲೂ ಅದು ಸಿಗುತ್ತದೆ. ಹತ್ತುವಾಗ ಇಳಿಯುವಾಗ ಅಲೆಯಲ್ಲಿ ಕಾಲಿಡಬೇಕಾಗುತ್ತದೆ, ಕೈ ಹಿಡಿಯಲು ನಿಮ್ಮ ಯಜಮಾನರು ಪಕ್ಕದಲ್ಲಿರಲಿ. ಆದರೆ 'ಅವರನ್ನು ಏನು ಮಾಡುವುದೋ' ಎಂದು ಬರೆದಿದ್ದೀರೇ ಹೊರತು ಅವರಿಗೆ ಏನು ಬೇಕು ಎಂದು ಪತ್ರದಲ್ಲೆಲ್ಲೂ ಇಲ್ಲ. ಕೇಳಿದ್ದೀರಾ? ಅವರಿಗೆ ಗಾಜಿನ ದೋಣಿಯೇ ಇಷ್ಟವಾಗಬಹುದು, ಸೆಲ್ಯುಲರ್ ಜೈಲಿನ ಅಂಗಳದಲ್ಲಿ ಇನ್ನೊಂದು ಸಂಜೆ ಬೇಕೆನ್ನಬಹುದು, ಅಥವಾ ಮೊಣಕಾಲವರೆಗಿನ ನೀರಿನಲ್ಲಿ ನಿಂತು ಮಾಸ್ಕ್ ಒಂದನ್ನೇ ಹಿಡಿದು ಇಣುಕಿ ನೋಡುತ್ತೇನೆ ಎನ್ನಬಹುದು. ಹಾಗೆ ಇಣುಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಟಿಕೆಟ್ ಮಾಡುವ ಮೊದಲು ಕೇಳಿ.